ಮಾಜಿ ಅಧ್ಯಕ್ಷರ ಕೈ

ಯಾರಿಗೂ ಮಾತು ಕೊಡದವನೇ ಸುಖಿ ಎಂದು ನಾನು ಬಹುಕಾಲ ನಂಬಿದ್ದೆ. ಅದು ಶುದ್ಧ ಸುಳ್ಳು. ಅಮೆರಿಕದ ಒಂದು ಪಕ್ಷ ದೇಶದ ಅಧ್ಯಕ್ಷ ಪದವಿಗೆ ಅಭ್ಯರ್ಥಿಯನ್ನು ಆರಿಸುವಾಗ ಬಹುಪಾಲು ಪ್ರತಿನಿಧಿಗಳು ತಮ್ಮ ಕಡೆಯ ಜನ ಹೇಳಿದವರಿಗೇ ಮತ ಹಾಕಬೇಕಂತೆ. ಕೆಲವು ಹಿರಿತಲೆಗಳು ಮಾತ್ರ ಯಾರ ಹಂಗೂ ಇಲ್ಲದೆ ತಮಗೆ ತೋಚಿದವರಿಗೆ ಹಾಕಬಹುದಂತೆ. ಹೊನ್ನಾಳಿಯಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದ ನನಗೆ ಇದು ಬಹಳ ಹಿಡಿಸಿತು. ನಮ್ಮ ನಿವೃತ್ತ ಮೇಷ್ಟ್ರುಗಳ ಸಂಘಕ್ಕೆ ಅಧ್ಯಕ್ಷನಾಗಿದ್ದಾಗ ಆ ನಿಯಮವನ್ನು ಇಡಿಯಾಗಿ ಕನ್ನಡಕ್ಕಿಳಿಸಿ ಬೈಲಾಕ್ಕೆ ಸೇರಿಸಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಪ್ರತಿನಿಧಿಗಳು ತಮ್ಮ ತಾಲ್ಲೂಕಿನ ಸದಸ್ಯರು ಹೇಳಿದಂತೆ ಕೈ ಎತ್ತಬೇಕು. ಮಾಜಿ ಅಧ್ಯಕ್ಷರು ಯಾರ ಮಾತೂ ಕೇಳಬೇಕಾಗಿಲ್ಲ. ಮುಂದೆ ನಾನೂ ಮಾಜಿಯಾಗುತ್ತೇನೆಂಬ ದೂರಾಲೋಚನೆ ಅದರಲ್ಲಿ ಇರಲಿಲ್ಲ ಎಂದರೆ ನೀವು ನಂಬಬೇಡಿ.

ಈ ಸಲ ಅಧ್ಯಕ್ಷಗಿರಿಗೆ ನಿಂತವರು ಇಬ್ಬರು. ಒಬ್ಬರು ಬಿಳಿಚೋಡಿನ ರುದ್ರಪ್ಪ, ನನ್ನ ಹೆಂಡತಿಯ ಅಣ್ಣ. ಇನ್ನೊಬ್ಬರು ಪಕ್ಕದ ಮನೆಯ ಹನುಮಂತಪ್ಪ ಮೇಷ್ಟ್ರು. ನಾನು ದಿನಾ ಓದುವುದು ಅವರ ಮನೆಯ ಪೇಪರು. ಅಲ್ಲಿಂದ ನನ್ನ ನೆಮ್ಮದಿ ಹಾಳಾಯಿತು. ರುದ್ರಪ್ಪನವರು ಎರಡು ದಿನಕ್ಕೊಮ್ಮೆ ಫೋನು ಮಾಡಿ ನನ್ನ ಮಂಡಿನೋವು ವಿಚಾರಿಸತೊಡಗಿದರು. ಹತ್ತು ವರ್ಷದ ನೋವು ಅವರಿಗೆ ಈಗ ನೆನಪಾಗಿತ್ತು. ಹನುಮಂತಪ್ಪನವರು ಪೇಪರನ್ನು ತಾವು ಓದುವ ಮೊದಲೇ ನನ್ನ ಕಟ್ಟೆಯ ಮೇಲೆ ತಂದಿಡತೊಡಗಿದರು. ಇಬ್ಬರಿಗೂ ನೋಡೋಣ ಅಂದೆ. ಹೆಂಡತಿಗೆ ಆ ಉತ್ತರ ಸಾಲಲಿಲ್ಲ.

"ನೋಡಾಕೆ ಏನೈತ್ರೀ? ನಮ್ಮಣ್ಣಗೆ ಕೈ ಎತ್ತಲಿಲ್ಲ ಅಂದ್ರೆ ನಾನು ತವರಿಗೆ ಯಾವ ಮುಖ ಇಟ್ಕಂಡು ಹೋಗ್ಲಿ?" ಎಂದು ರೊಟ್ಟಿಯನ್ನು ತಟ್ಟೆಗೆ ಎಸೆದಳು. ಆಮೇಲೆ ಒಂದು ವಾರ ಸಾರಿಗೆ ಉಪ್ಪು ಒಂದು ದಿನ ಎರಡು ಪಟ್ಟು, ಒಂದು ದಿನ ಇಲ್ಲವೇ ಇಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ನಿವೃತ್ತನಾದ ಮೇಲೆ ನನ್ನನ್ನು ಇಷ್ಟು ಕೇಳುವವರೇ ಇರಲಿಲ್ಲ.

ಸಭೆ ಚನ್ನಗಿರಿಯಲ್ಲಿ ಸೇರಿತು. ಪ್ರತಿನಿಧಿಗಳ ಅರ್ಧಕ್ಕಿಂತ ಹೆಚ್ಚು ಕೈಗಳು ರುದ್ರಪ್ಪನವರ ಪರವಾಗಿ ಎದ್ದವು. ಇನ್ನು ನನ್ನ ಸರದಿ ಎಂದು ಗಂಟಲು ಸರಿಮಾಡಿಕೊಂಡು ನಿಂತೆ.

"ಕೂತ್ಕಳ್ರಿ ಸಾರ್. ಮೊದಲ್ನೇ ಸುತ್ತಿಗೇ ತೀರ್ಮಾನ ಆತು. ಮಾಜಿಗಳ ಕೈ ಬೇಕಾಗಿಲ್ಲ" ಎಂದರು ಕಾರ್ಯದರ್ಶಿ.

ಯಾವ ಬೃಹಸ್ಪತಿ ಬರೆದ ನಿಯಮ ಇದು ಎಂದು ರೇಗಿದೆ. ಅವರು ಬೈಲಾ ಪುಸ್ತಕ ತೆರೆದು ಹಿಡಿದರು. ಮೊದಲ ಸುತ್ತಿನಲ್ಲಿ ತೀರ್ಮಾನವಾಗದಿದ್ದರೆ ಮಾತ್ರ ಹಿರಿತಲೆಗಳ ಮತ ಎಂದು ಅಮೆರಿಕದವರು ಆಮೇಲೆ ಸೇರಿಸಿದ ಷರತ್ತನ್ನೂ ನಾನು ಬಿಡದೆ ಇಳಿಸಿಬಿಟ್ಟಿದ್ದೆ. ಕೆಳಗೆ ನನ್ನದೇ ಸಹಿ.

ವಾಪಸು ಬರುವಾಗ ಬಸ್ಸಿನಲ್ಲಿ ಹನುಮಂತಪ್ಪನವರು, ಹೋಗಲಿ, ನೀವು ಎದ್ದು ನಿಂತದ್ದು ಯಾರಿಗೆ ಎಂದು ಕೇಳಿದರು. ಇನ್ನೇನು ನಷ್ಟ, ನಿಮಗೇ ಅಂದೆ. ಅವರ ಕಣ್ಣು ಒದ್ದೆಯಾಯಿತು. ಮನೆಯಲ್ಲಿ ಹೆಂಡತಿಯೂ ಅದನ್ನೇ ಕೇಳಿದಳು. ನಿಮ್ಮಣ್ಣನಿಗೇ ಅಂದೆ. ಒಲೆಯ ಮೇಲೆ ಪಾಯಸ ಕುದಿಯಿತು. ಅದರಲ್ಲೊಂದು ಬಟ್ಟಲನ್ನು ಮರುದಿನ ಬೆಳಿಗ್ಗೆ ಅವಳು ಕಾಂಪೌಂಡಿನ ಮೇಲಿಂದ ಹನುಮಂತಪ್ಪನವರಿಗೂ ಕೊಟ್ಟು, ನಮ್ಮೆಜಮಾನ್ರು ಎಷ್ಟೇ ಆದರೂ ನಮ್ಮಣ್ಣನ ಕೈ ಬಿಡಲಿಲ್ಲ ಎಂದು ಹೆಮ್ಮೆಪಟ್ಟಳಂತೆ.

ಅಂದಿನಿಂದ ಪೇಪರನ್ನು ನಾನೇ ಹಾಕಿಸಿಕೊಳ್ಳುತ್ತಿದ್ದೇನೆ.