ಭಾವನವರ ರೇಷ್ಮೆ ಹಾಯಿ

ನಮ್ಮ ಭಾವನವರಿಗೆ ಈ ಭೂಮಿಯ ಮೇಲೆ ಒಬ್ಬನೇ ಒಬ್ಬ ಶತ್ರು. ದಾಯಾದಿಯಲ್ಲ, ಪಕ್ಕದ ಮನೆಯವನಲ್ಲ, ಎಲೆಕ್ಷನ್ನಿಗೆ ನಿಂತವನಂತೂ ಅಲ್ಲವೇ ಅಲ್ಲ. ಆ ಶತ್ರು ಗಾಳಿ. ಹೌದು, ನೀವು ನಾನು ಉಸಿರಾಡುವ ಇದೇ ಗಾಳಿ. ಅಂಥ ಮನುಷ್ಯ ಅರವತ್ತು ದಾಟಿದ ಮೇಲೆ ಹಾಯಿ ಕಟ್ಟಿಕೊಂಡು, ಕಾವೇರಿಯ ಮೇಲೆ ತೇಲುತ್ತಾ ಶ್ರೀರಂಗಪಟ್ಟಣ ನೋಡಲು ಹೊರಟರು ಎಂದರೆ ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಆದರೆ ಐ ವಾಸ್ ಆನ್ ಬೋರ್ಡ್. ಚಿತ್ರಾನ್ನದ ಡಬ್ಬಿ ನನ್ನ ತೊಡೆಯ ಮೇಲೆಯೇ ಇತ್ತು.

ಮೊದಲು ಈ ಹಗೆತನದ ಕಾರಣ ಹೇಳಿಬಿಡುತ್ತೇನೆ. ಭಾವನವರದು ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕಸುಬು. ಬೆಳಗಾದರೆ ಮಾರ್ಕೆಟ್ಟಿಗೆ ಹೋಗಿ ಹರಾಜಿನಲ್ಲಿ ಗೂಡು ಹಿಡಿದು ತರುವುದು, ಕುದಿಯುವ ನೀರಿನಲ್ಲಿ ಬೇಯಿಸುವುದು, ಎಳೆಯ ತುದಿ ಹುಡುಕಿ ರಾಟೆಗೆ ಏರಿಸುವುದು. ಆ ಎಳೆಯೋ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ. ಹೊರಗಿನಿಂದ ಒಂದು ಸುಳಿಗಾಳಿ ನುಗ್ಗಿದರೆ ಸಾಕು, ಎಳೆ ಕಡಿದು, ಸಿಕ್ಕಾಗಿ, ಅರ್ಧ ದಿನದ ಕೆಲಸ ಹಾಳು. ಹಾಗಾಗಿ ಶೆಡ್ಡಿನ ಕಿಟಕಿಗಳಿಗೆಲ್ಲ ಗೋಣಿತಾಟು. ಶೆಡ್ಡು ಮನೆಗೆ ಅಂಟಿಕೊಂಡೇ ಇದ್ದುದರಿಂದ ಮನೆಯ ಕಿಟಕಿಗಳಿಗೂ ಅದೇ ಗತಿ. ಯಾರಾದರೂ ಜೋರಾಗಿ ಸೀನಿದರೆ ಭಾವ ತಿರುಗಿ ದುರುಗುಟ್ಟಿ ನೋಡುತ್ತಿದ್ದರು. ಎದುರು ಮನೆಯ ಹೊಂಗೆಮರದ ಎಲೆ ಅಲುಗಿದ್ದು ಕಂಡರೆ ಇಡೀ ಬೀದಿಗೆ ಕೇಳುವಂತೆ ಕೂಗು: "ಗಾಳಿ ಬತ್ತೈತೆ, ಬಾಗ್ಲು ಹಾಕ್ರಮ್ಮೀ!"

ಅವರ ಮನೆಯ ಸೆಖೆ ತಾಳಲಾರದೆ ನಾನೊಮ್ಮೆ ಬೆಂಗಳೂರಿನಿಂದ ಒಂದು ಟೇಬಲ್ ಫ್ಯಾನ್ ಪ್ರೆಸೆಂಟ್ ತಂದಿದ್ದೆ. ಭಾವ ಬಹಳ ಮರ್ಯಾದೆಯಿಂದ ತೆಗೆದುಕೊಂಡರು. ಮುಂದಿನ ಸಲ ಹೋದಾಗ ನೋಡುತ್ತೇನೆ, ಫ್ಯಾನಿನ ಮುಂದಿನ ಜಾಲರಿ ಬಿಚ್ಚಿ ಅದರ ಮೇಲೆ ಸಂಡಿಗೆ ಒಣಹಾಕಿದ್ದಾರೆ. ರೆಕ್ಕೆಗಳಿಗೆ ದಾರ ಸುತ್ತಿ ಕಟ್ಟಿದ್ದಾರೆ, ಎಲ್ಲಾದರೂ ತಾನಾಗಿ ತಿರುಗಿಬಿಟ್ಟೀತು ಎಂದು!

"ಭಾವ, ಇದು ಕರೆಂಟ್ ಇಲ್ಲದೆ ತಿರುಗೋದಿಲ್ಲ" ಎಂದೆ.

"ಅದ್ನ ನಂಬಕಾಯ್ತದಾ ಕಾನ್ವೆಂಟಮ್ಮ? ಗಾಳಿ ಜಾತಿದು ಅದು" ಎಂದರು.

ಕಾನ್ವೆಂಟಮ್ಮ ಎಂದರೆ ನಾನು. ಅಕ್ಚುಯಲಿ ನಮ್ಮಕ್ಕನೂ ಕಾನ್ವೆಂಟಮ್ಮನೇ. ಬೆಂಗಳೂರಿನಲ್ಲಿ ಇಬ್ಬರೂ ಹಾಸ್ಟೆಲಿನಲ್ಲಿದ್ದು ನನ್‌ಗಳ ಕೈಕೆಳಗೆ ಕಲಿತವರು. ಬೆನ್ನು ನೆಟ್ಟಗೆ ಕೂರಬೇಕು, ಸೂಪನ್ನು ಸದ್ದಿಲ್ಲದೆ ಕುಡಿಯಬೇಕು. ಸೂಪು ಮಾತ್ರ ನಮ್ಮ ಮನೆಯಲ್ಲಿ ಯಾವತ್ತೂ ಮಾಡಿದ್ದಿಲ್ಲ. ನಮ್ಮ ಕ್ಲಾಸಿನ ಗೋಡೆಯ ಮೇಲೆ ಒಂದು ದೊಡ್ಡ ಬಣ್ಣದ ಚಿತ್ರವಿತ್ತು. ನದಿ, ದಡದಲ್ಲಿ ಒಂದು ಪುರಾತನ ಪಟ್ಟಣ, ಗೋಪುರಗಳು, ನೀರಿನ ಮೇಲೆ ಬಿಳಿಯ ಹಾಯಿದೋಣಿ. ದೋಣಿಯಲ್ಲಿ ಹ್ಯಾಟು ಹಾಕಿದ ಒಬ್ಬ ಲೇಡಿ. ಅಕ್ಕ ಲೆಕ್ಕದ ಪೀರಿಯಡ್ ಪೂರ್ತಿ ಆ ದೋಣಿಯಲ್ಲೇ ಕಳೆಯುತ್ತಿದ್ದಳು. ಅವಳ ಲೆಕ್ಕದ ಮಾರ್ಕ್ಸ್ ನೋಡಿದವರಿಗೆ ಅದು ಗೊತ್ತಾಗುತ್ತಿತ್ತು.

ನಮ್ಮ ತಂದೆಗೆ ರೇಷ್ಮೆ ಇಲಾಖೆಯಲ್ಲಿ ಕೆಲಸ. ಗೂಡಿನ ಮಾರ್ಕೆಟ್ಟಿನಲ್ಲಿ ಭಾವ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ, ಅಷ್ಟು ಅಕ್ಕರೆಯಿಂದ ಆರಿಸುವುದನ್ನು ಕಂಡು, ಈ ಹುಡುಗ ನನ್ನ ಮಗಳನ್ನೂ ಹೀಗೇ ಜೋಪಾನ ಮಾಡುತ್ತಾನೆ ಎಂದುಕೊಂಡು ಮದುವೆ ಮಾಡಿಬಿಟ್ಟರು. ಜೋಪಾನವೇನೋ ಮಾಡಿದರು. ಗೂಡಿನ ಹಾಗೆಯೇ, ಗಾಳಿ ತಾಗದಂತೆ!

ಮದುವೆಯಾದ ಹೊಸದರಲ್ಲಿ ಅಕ್ಕ ಒಮ್ಮೆ ಕೇಳಿದ್ದಳಂತೆ, ನನಗೆ ಶ್ರೀರಂಗಪಟ್ಟಣವನ್ನು ಹಾಯಿದೋಣಿಯಲ್ಲಿ ಹೋಗಿ ನೋಡಬೇಕು ಎಂದು. ಬಸ್ಸಿನಲ್ಲಿ ಹೋದರೆ ಎರಡು ಗಂಟೆಯ ದಾರಿ. ಭಾವ, "ಸೀಜನ್ ಮುಗೀಲಿ" ಎಂದರಂತೆ. ರೇಷ್ಮೆಗೆ ಸೀಜನ್ ಮುಗಿಯುವುದುಂಟೇ? ಒಂದು ಬೆಳೆ ಹೋದರೆ ಇನ್ನೊಂದು ಬೆಳೆ. ಅಕ್ಕ ಗೂಡು ಬೇಯಿಸುವ ಬೇಸಿನ್ನುಗಳ ಹಬೆಯಲ್ಲಿ, ಸೌದೆಯ ಹೊಗೆಯಲ್ಲಿ, ಆ ಬೆಂದ ಹುಳುವಿನ ವಾಸನೆಯಲ್ಲಿ ಸಂಸಾರ ಮಾಡಿದಳು. ಇಂಗ್ಲಿಷ್ ಮರೆತು ರಾಮನಗರದ ಮಾತು ಕಲಿತಳು. ಬೆನ್ನು ಮಾತ್ರ ನೆಟ್ಟಗೇ ಉಳಿಯಿತು.

ಆಮೇಲೆ ಕಾಲ ತಿರುಗಿತು. ಮೈಸೂರು ರೋಡು ಅಗಲವಾಯಿತು. ಬಿಡದಿಯ ಕಡೆ ಫ್ಯಾಕ್ಟರಿ, ಹಾರೋಹಳ್ಳಿಯ ಕಡೆ ಫ್ಯಾಕ್ಟರಿ. ಕೂಲಿಗೆ ಬಂದು ಬೇಸಿನ್ನಿನ ಮುಂದೆ ಕೂರುತ್ತಿದ್ದ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ಟಿಫನ್ ಕ್ಯಾರಿಯರ್ ಹಿಡಿದು ಗಾರ್ಮೆಂಟ್ಸ್ ವ್ಯಾನ್ ಹತ್ತಿದರು. ಅಲ್ಲಿ ಫ್ಯಾನ್ ಇದೆಯಂತೆ! ಭಾವ ಇದನ್ನು ಶತ್ರುವಿನ ಪಿತೂರಿ ಎಂದೇ ತಿಳಿದರು. ರಾಟೆ ನಿಂತಿತು. ಗೋಣಿತಾಟು ಮಾತ್ರ ಕಿಟಕಿಯಿಂದ ಇಳಿಯಲಿಲ್ಲ. ಅಭ್ಯಾಸ, ನೋಡಿ.

ಅಷ್ಟರಲ್ಲಿ ಅಕ್ಕನ ಎದೆಯಲ್ಲಿ ಹಾರ್ಮೋನಿಯಂ ಶುರುವಾಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಕೊಳ್ಳುವುದು. ಎದೆಯ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, "ವರ್ಷಗಟ್ಟಲೆ ಹೊಗೆ, ಹಬೆ ಕುಡಿದಿದ್ದಾರೆ. ಮನೆಯಿಂದ ಹೊರಗೆ ಕರ್ಕೊಂಡು ಹೋಗಿ. ಇವರಿಗೆ ಫ್ರೆಶ್ ಏರ್ ಬೇಕು" ಎಂದರು. ಮನೆಗೆ ಬಂದ ಭಾವ ಸಾವನದುರ್ಗ ಅಂದರು, ಮೈಸೂರು ಅಂದರು, ಬೆಂಗಳೂರಿನ ನನ್ನ ಮನೆ ಎಂದೂ ಅಂದರು. ಅಕ್ಕ ಒಂದಕ್ಕೂ ಒಪ್ಪಲಿಲ್ಲ. ಇಷ್ಟು ವರ್ಷ ಹೊಸಿಲು ದಾಟಿಸದವರು ಈಗ ಕರೆದರೆ ಹೋಗಬೇಕೆ ಎಂಬ ಬಿಂಕ. ಕೊನೆಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು:

"ನಾನು ಹೊರಡೋದಾದ್ರೆ ಶ್ರೀರಂಗಪಟ್ಟಣಕ್ಕೆ. ಅದೂ ಹಾಯಿದೋಣೀಲಿ. ಇಲ್ದಿದ್ರೆ ಇಲ್ಲೇ ಇರ್ತೀನಿ, ನನ್ ಪಾಡಿಗೆ ಬುಟ್ಬುಡಿ."

ಬಾಯಿ ಮುಚ್ಚಿಸಲು ಹೇಳಿದ ಮಾತು ಅದು. ಆದರೆ ಭಾವ ಎದ್ದು ಚಪ್ಪಲಿ ಮೆಟ್ಟಿದರು.

ಸೀದಾ ಹೋದದ್ದು ಚನ್ನಪಟ್ಟಣಕ್ಕೆ. ಅಲ್ಲಿ ಅರಗಿನ ಬಣ್ಣ ಹಚ್ಚಿ ಮರದ ಗೊಂಬೆ ಕಡೆಯುವ ಅವರ ಗೆಳೆಯನಿದ್ದ. "ಒಂದು ದೋಣಿ ಮಾಡ್ಕೊಡ್ಲಾ, ಮೊದ್ಲು ಚಿಕ್ಕದಾಗಿ ಮಾಡು, ಅದ್ನ ನೋಡ್ಕೊಂಡು ದೊಡ್ಡದು ಮಾಡ್ಸಾನ" ಎಂದರು. ಎಂಟು ದಿನ ಬಿಟ್ಟು ಮಾದರಿ ದೋಣಿ ಬಂತು. ಕೆಂಪು, ಹಳದಿ, ಹಸಿರು. ಬ್ಯೂಟಿಫುಲ್! ಅಡಿಯಲ್ಲಿ ನಾಲ್ಕು ಚಕ್ರ.

"ಲೇ, ದೋಣಿಗ್ಯಾಕ್ಲಾ ಚಕ್ರ?"

"ಚಕ್ರ ಇಲ್ದಿದ್ರೆ ಮಕ್ಳು ಎಳ್ಯೋದು ಹೆಂಗ್ಲಾ?" ಎಂದ ಗೆಳೆಯ.

ಮಕ್ಕಳ ಆಟಿಕೆ ಮಾಡುವ ಕೈ, ಅದಕ್ಕೆ ಚಕ್ರವಿಲ್ಲದೆ ಏನೂ ಮುಗಿದಂತೆ ಕಾಣುವುದಿಲ್ಲ. ದೋಣಿಯ ಆಸೆ ಅಲ್ಲಿಗೆ ನಿಂತಿತು. ಶ್ರೀರಂಗಪಟ್ಟಣದ ಹತ್ತಿರ ಹರಿಗೋಲು ಸಿಗುತ್ತದೆ, ಹಾಯಿಯೊಂದು ನಮ್ಮದಿದ್ದರೆ ಸಾಕು ಎಂದು ಭಾವ ತೀರ್ಮಾನ ಮಾಡಿದರು. ಹಾಯಿ ಯಾವ ಬಟ್ಟೆಯದು? ನೀವು ನಾನಾದರೆ ಟಾರ್ಪಾಲಿನ್ ತರುತ್ತಿದ್ದೆವು. ಭಾವ, ರಾಟೆ ನಿಲ್ಲುವ ಮೊದಲು ತಾವೇ ಬಿಚ್ಚಿದ್ದ ಕೊನೆಯ ನೂಲನ್ನು ಪೆಟ್ಟಿಗೆಯಿಂದ ತೆಗೆದು ಕನಕಪುರದ ನೇಕಾರರೊಬ್ಬರಿಗೆ ಕೊಟ್ಟರು. ರೇಷ್ಮೆಯ ಹಾಯಿ! ಬಂದಾಗ ನೋಡಿದರೆ ಉದ್ದಕ್ಕೂ ಎರಡೂ ಕಡೆ ಅಂಗೈ ಅಗಲದ ಜರಿಯ ಅಂಚು. ಕೇಳಿದ್ದಕ್ಕೆ ಆ ನೇಕಾರರು, "ಅಂಚಿಲ್ದೆ ನೇಯೋಕೆ ನನಗೆ ಕೈ ಬರಕಿಲ್ಲ ಯಜಮಾನ್ರೇ" ಎಂದರಂತೆ.

ಅಕ್ಕ ಮುಟ್ಟಿ ನೋಡಿ, "ಇಷ್ಟು ಗಜ ನನಗೊಂದು ದಿವ್ಸ ತೆಗ್ದಿದ್ರಾ?" ಎಂದಳು.

"ನಿಂಗೇ ಕಣಮ್ಮಿ ಇದು" ಎಂದು ಭಾವ ಗೊಣಗಿದರು. ಅಕ್ಕನಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.

ಹಾಯಿಯ ಟ್ರಯಲ್ ನಡೆದದ್ದು ತಾರಸಿಯ ಮೇಲೆ. ಎರಡು ಬಿದಿರು ನೆಟ್ಟು, ಜರಿಯಂಚಿನ ರೇಷ್ಮೆ ಕಟ್ಟಿ, ಭಾವ ಅದರ ಪಕ್ಕ ಕೈಕಟ್ಟಿ ನಿಂತರು. ಸಂಜೆಯೊಳಗೆ ಬೀದಿಯ ಮೂವರು ಬಂದು ಯಾರ ಮದುವೆ ಎಂದು ವಿಚಾರಿಸಿದರು. ಒಬ್ಬರು ಅಡುಗೆಯವರ ವಿಳಾಸವನ್ನೂ ಕೊಟ್ಟು ಹೋದರು.

ಆಷಾಢ ಬಂತು. ಪಡುವಣದಿಂದ ಗಾಳಿ ಬೀಸುವ ಕಾಲ, ಹೊಳೆಗೆ ಇನ್ನೂ ದೊಡ್ಡ ನೀರು ಬಂದಿಲ್ಲ. ಒಂದು ಬಾಡಿಗೆ ವ್ಯಾನಿನಲ್ಲಿ ಭಾವ, ಅಕ್ಕ, ನಾನು, ಟಾಪಿನ ಮೇಲೆ ಹಾಯಿ. ಈಗ ಒಂದು ಕಷ್ಟ ನೋಡಿ. ರಾಮನಗರದಿಂದ ಹೋಗುವ ರೋಡು ಶ್ರೀರಂಗಪಟ್ಟಣವನ್ನು ದಾಟಿಕೊಂಡೇ ಹೋಗುತ್ತದೆ. ನಾವು ಪಟ್ಟಣಕ್ಕೆ ದೋಣಿಯಲ್ಲಿ ಬರಬೇಕಾದರೆ ಮೊದಲು ಪಟ್ಟಣವನ್ನು ದಾಟಿ ಮೇಲಕ್ಕೆ ಹೋಗಿ, ಅಲ್ಲಿಂದ ನೀರಿನಲ್ಲಿ ಇಳಿದು ಬರಬೇಕು.

"ಇಲ್ಲೇ ಇಳ್ಕೊಂಡು ನೋಡ್ಬುಟ್ರೆ ಆಗಕಿಲ್ವಾ?" ಎಂದ ಡ್ರೈವರ್.

"ಸುಮ್ನೆ ಓಡ್ಸಯ್ಯ" ಎಂದ ಭಾವ ಅಕ್ಕನ ಕಡೆ ತಿರುಗಿ, "ಕಣ್ ಮುಚ್ಕೊಮ್ಮಿ, ಕೋಟೆ ಬತ್ತೈತೆ" ಎಂದರು.

ಅಕ್ಕ ಕಣ್ಣು ಮುಚ್ಚಿದಳು. ನನಗೂ ಆರ್ಡರ್ ಆಯಿತು. ಇಬ್ಬರು ಮುದುಕಿಯರು ಕಣ್ಣು ಮುಚ್ಚಿಕೊಂಡು ಇಡೀ ಶ್ರೀರಂಗಪಟ್ಟಣವನ್ನು ದಾಟಿದೆವು, ಶ್ರೀರಂಗಪಟ್ಟಣ ನೋಡುವುದಕ್ಕಾಗಿ! ನಾನು ನಡುವೆ ಒಂದು ಕಣ್ಣು ತೆರೆದೆ. ಅಕ್ಕ ತೆರೆಯಲಿಲ್ಲ. ಪ್ರಾರ್ಥನೆಗೆ ಕೂತ ಕಾನ್ವೆಂಟ್ ಹುಡುಗಿಯ ಹಾಗೆ ಕೈಕಟ್ಟಿ ಕೂತಿದ್ದಳು.

ಹರಿಗೋಲಿನವನು ಹಾಯಿಯನ್ನು ನೋಡಿ ಬೀಡಿ ಬಾಯಿಂದ ತೆಗೆದ. "ಯಜಮಾನ್ರೇ, ಹರಿಗೋಲು ಬುಟ್ಟಿಯಂಗೆ ಗುಂಡಗಿರ್ತದೆ. ಇದಕ್ಕೆ ಹಿಂದಿಲ್ಲ, ಮುಂದಿಲ್ಲ. ಹಾಯಿ ಕಟ್ಟಿದ್ರೆ ಬುಗ್ರಿ ಆಯ್ತದೆ."

"ನಿಧಾನಕ್ಕೆ ತಿರುಗ್ಲಿ. ರಾಟೆ ತಿರುಗ್ಸಿದೋನು ನಾನು" ಎಂದರು ಭಾವ.

ಹತ್ತಿದೆವು. ಬಿದಿರು ನಿಂತಿತು, ಹಾಯಿ ಏರಿತು. ಗಾಳಿ? ಒಂದು ಉಸಿರಿಲ್ಲ. ಆಷಾಢದಲ್ಲಿ! ಹಾಯಿ ತೊಳೆದು ಹಾಕಿದ ಸೀರೆಯಂತೆ ಜೋತುಬಿತ್ತು. ಹುಟ್ಟು ಹಾಕಿಕೊಂಡು ಹೋಗೋಣ ಎಂದರೆ ಭಾವ ಕೇಳಲಿಲ್ಲ, ಹಾಯಿದೋಣಿ ಎಂದ ಮೇಲೆ ಗಾಳಿಯೇ ಒಯ್ಯಬೇಕು ಎಂದರು. ಹರಿಗೋಲಿನವನು ಹುಟ್ಟನ್ನು ಕೆಸರಿಗೆ ಊರಿ ನಿಲ್ಲಿಸಿಕೊಂಡು ಕೂತ. ನಾವು ಚಿತ್ರಾನ್ನ ತಿಂದೆವು. ಮಿಕ್ಕದ್ದನ್ನೂ ತಿಂದೆವು. ಜೀವಮಾನವೆಲ್ಲ ಗಾಳಿಯನ್ನು ಬೈದ ಮನುಷ್ಯ ಈಗ ಪಡುವಣದ ಕಡೆ ಮುಖ ಮಾಡಿ, ಹುಬ್ಬಿನ ಮೇಲೆ ಕೈಯಿಟ್ಟು, ಅಲುಗುವ ಒಂದು ಎಲೆಯನ್ನು ಹುಡುಕುತ್ತಿದ್ದರು. ನೋಡಿದರೆ ಅಯ್ಯೋ ಎನಿಸುವಂತಿತ್ತು.

"ಆಷಾಢದಲ್ಲಿ ಹಿಂಗೆ ಗಾಳಿ ಕಟ್ಟಿದ್ದು ನಾ ಕಂಡಿಲ್ಲ. ಯಾರೋ ಹಿಡ್ದು ಮಡಿಕ್ಕೊಂಡವ್ರೆ" ಎಂದ ಹರಿಗೋಲಿನವನು.

ಅಕ್ಕ ಬೆರಳು ತೋರಿಸಿ, "ಇವ್ರೇ. ಕೇಳು" ಎಂದಳು.

ಬಂತು ಕೊನೆಗೆ. ಮೊದಲು ದೂರದ ತೆಂಗಿನ ಗರಿ ಅಲುಗಿತು, ಆಮೇಲೆ ನೀರಿನ ಮೇಲೆ ಗೆರೆಗೆರೆಯಾಗಿ ಓಡಿಬಂತು. ಹಾಯಿ ಒಮ್ಮೆ ಪಟಕ್ಕೆಂದಿತು, ಉಬ್ಬಿತು, ಬಿಸಿಲಿಗೆ ಬಂಗಾರವಾಯಿತು. ಊರಿದ್ದ ಹುಟ್ಟು ಕಿತ್ತದ್ದೇ ಹರಿಗೋಲು ಮುಂದಕ್ಕೆ ಜಾರಿತು. ದೇವರೇ, ನಮ್ಮ ಕ್ಲಾಸಿನ ಗೋಡೆಯ ಚಿತ್ರ! ಅಷ್ಟರಲ್ಲಿ ಭಾವ ಎದ್ದು ನಿಂತು ಹೊಳೆಯ ಎರಡೂ ದಡಕ್ಕೆ ಕೇಳುವಂತೆ ಕೂಗಿದರು:

"ಗಾಳಿ ಬತ್ತೈತೆ, ಬಾಗ್ಲು ಹಾಕ್ರಮ್ಮೀ!"

ಕೂಗಿದ್ದಷ್ಟೇ ಅಲ್ಲ. ಹಗ್ಗ ಬಿಚ್ಚಿ, ಹಾಯಿಯನ್ನು ಸರಸರ ಇಳಿಸಿ, ಮುದುರಿ ಎದೆಗವಚಿಕೊಂಡು, ಗಾಳಿಗೆ ಬೆನ್ನು ತಿರುಗಿಸಿ ಕುಕ್ಕರಗಾಲಲ್ಲಿ ಕೂತೇಬಿಟ್ಟರು.

ಹರಿಗೋಲು ಬುಗುರಿಯಾಯಿತು. ತಿರುಗುತ್ತಲೇ ಹೊಳೆಯ ಸೆಳೆತಕ್ಕೆ ಕೆಳಗೆ ಸಾಗಿದ ಹಾಗೆ ಪಟ್ಟಣ ಎದುರಿಗೇ ಬಂತು. ರಂಗನಾಥನ ಗೋಪುರ, ಮಸೀದಿಯ ಮಿನಾರು, ಕೋಟೆಯ ಗೋಡೆ, ತೆಂಗಿನ ತೋಟ, ಮತ್ತೆ ಗೋಪುರ, ಮತ್ತೆ ಮಿನಾರು. ಒಂದೇ ಜಾಗದಲ್ಲಿ ಕೂತು ಇಷ್ಟು ಕಂಪ್ಲೀಟ್ ಸೈಟ್ ಸೀಯಿಂಗ್ ಯಾವ ಟೂರಿನವರು ಮಾಡಿಸುತ್ತಾರೆ ಹೇಳಿ? ಅಕ್ಕ ನಕ್ಕಳು. ನನ್‌ಗಳು ನಗುವ ಹಾಗಲ್ಲ, ಹಾಸ್ಟೆಲಿನಲ್ಲಿ ದಿಂಬಿಗೆ ಮುಖ ಒತ್ತಿ ನಗುತ್ತಿದ್ದೆವಲ್ಲ, ಹಾಗೆ. ನಕ್ಕೂ ನಕ್ಕೂ ಕೆಮ್ಮು ಬಂತು, ಕೆಮ್ಮಿನ ನಡುವೆಯೂ ನಕ್ಕಳು.

ಭಾವ ಮಾತ್ರ ನಗಲಿಲ್ಲ. ಹರಿಗೋಲಿನವನು ಹುಟ್ಟು ಹಾಕಿ ತಿರುಗುವುದನ್ನು ನಿಲ್ಲಿಸಿದ ಮೇಲೂ ಆ ರೇಷ್ಮೆಯ ಮುದ್ದೆಯನ್ನು ಅವಚಿಕೊಂಡೇ ಇದ್ದರು. ಅದಕ್ಕೇ ಹೇಳುವಂತೆ ಹೇಳಿದರು:

"ಕೈ ತಾನಾಗೇ ಹೋಯ್ತು ಕಣಮ್ಮಿ. ಎಳೆ ಕಡ್ದೋಗ್ಬಾರ್ದು ಅಂತ ಎಲ್ಲಾ ಮುಚ್ದೆ. ಒಳಗೆ ನೀನೂ ಇದ್ದೀಯ ಅನ್ನೋದು ನೆಪ್ಪಾಗ್ನಿಲ್ಲ."

ಅಕ್ಕ ಕಣ್ಣೊರೆಸಿಕೊಂಡಳು, ನಕ್ಕು ಬಂದ ನೀರೋ, ಬೇರೆಯದೋ, ನಾನು ಕೇಳಲಿಲ್ಲ. ಮುಂದೆ ಬಾಗಿ ಅವರ ಕೈಯಿಂದ ಹಾಯಿಯ ಅಂಚನ್ನು ಮೆಲ್ಲಗೆ ಎಳೆದಳು.

"ಬುಡಿ ಈಗ ಅದನ್ನ. ಹೊಳೆ ನಡುವೆ ಅಳ್ತಾ ಕೂತ್ರೆ ನೀರು ಜಾಸ್ತಿಯಾದಾತು. ಕಟ್ಟಿ ಮ್ಯಾಲೆ."

ಭಾವ ಕಟ್ಟಿದರು. ಈ ಸಲ ಅದು ಬೀಳದ ಹಾಗೆ ಬಿದಿರನ್ನು ತಾವೇ ಹಿಡಿದು ನಿಂತರು. ಗಾಳಿ ಹಾಯಿಯನ್ನು ತುಂಬಿತು, ಮಿಕ್ಕದ್ದು ಅಕ್ಕನ ಮುಖದ ಮೇಲೆ ಹಾದುಹೋಯಿತು. ನಾವು ಸ್ವಲ್ಪ ಓರೆಯಾಗಿ, ಸ್ವಲ್ಪ ಹಿಮ್ಮುಖವಾಗಿ ಶ್ರೀರಂಗಪಟ್ಟಣವನ್ನು ತಲುಪಿದೆವು. ಸೋಪಾನಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸು ಬಾಯಿ ಬಿಟ್ಟುಕೊಂಡು ನೋಡಿ, "ಎಲ್ಲಿಂದ ಬಂದ್ರವ್ವಾ?" ಎಂದಳು.

"ರಾಮನಗರದಿಂದ."

"ದೋಣೀಲಾ?"

"ಹೂಂ, ದೋಣೀಲೇ" ಎಂದಳು ಅಕ್ಕ, ಬೆನ್ನು ನೆಟ್ಟಗೆ ಮಾಡಿಕೊಂಡು. ಆಮೇಲೆ ನನ್ನ ಕಡೆ ತಿರುಗಿ, ಎಷ್ಟೋ ವರ್ಷದ ಮೇಲೆ ಇಂಗ್ಲಿಷಿನಲ್ಲಿ ಕೇಳಿದಳು, "ವೇರ್ ಈಸ್ ಮೈ ಹ್ಯಾಟ್?"

ಈಗ ಅವರ ಮನೆಗೆ ಹೋದರೆ ನಿಮಗೆ ಗುರುತು ಸಿಗುವುದಿಲ್ಲ. ಗೋಣಿತಾಟು ಹೋಗಿದೆ. ಪಡುವಣದ ದೊಡ್ಡ ಕಿಟಕಿಗೆ ಆ ಹಾಯಿಯೇ ಕರ್ಟನ್ನು, ಅಂಚು ಸಮೇತ. ಕೆಳಗೆ ಚಕ್ರದ ದೋಣಿ. ಫ್ಯಾನಿನ ರೆಕ್ಕೆಗೆ ಸುತ್ತಿದ ದಾರವನ್ನೂ ಭಾವ ಬಿಚ್ಚಿದ್ದಾರೆ. ಅಕ್ಕನ ಎದೆಯ ಹಾರ್ಮೋನಿಯಂ ನಿಂತಿದೆ ಎಂದು ಸುಳ್ಳು ಹೇಳಲಾರೆ. ಶ್ರುತಿ ಸ್ವಲ್ಪ ತಗ್ಗಿದೆ.

ಬೆಂಗಳೂರಿನ ನನ್ನ ಫ್ಲಾಟಿನಲ್ಲಿ ರೂಮಿಗೊಂದು ಫ್ಯಾನ್ ಇದೆ. ರಿಮೋಟ್ ಒತ್ತಿದರೆ ಬೇಕಾದಷ್ಟು ಗಾಳಿ. ಆದರೂ ಆಷಾಢ ಬಂದರೆ ನಾನು ಬ್ಯಾಗ್ ಹಿಡಿದು ರಾಮನಗರದ ಬಸ್ಸು ಹತ್ತುತ್ತೇನೆ. ಮಧ್ಯಾಹ್ನ ಭಾವ ಜಗುಲಿಯಲ್ಲಿ ಕೂತು ಎದುರು ಮನೆಯ ಹೊಂಗೆಮರವನ್ನೇ ನೋಡುತ್ತಿರುತ್ತಾರೆ. ಒಂದು ಎಲೆ ಅಲುಗಬೇಕು, ಅಷ್ಟೇ. ಅದೇ ಗಂಟಲು, ಇಡೀ ಬೀದಿಗೆ ಕೇಳುವ ಅದೇ ಕೂಗು. ಒಳಗೆ ಅಕ್ಕ ಒಲೆ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಕಿಟಕಿಯ ಪಕ್ಕದ ಕುರ್ಚಿಗೆ ಹೊರಡುತ್ತಾಳೆ.

"ಗಾಳಿ ಬತ್ತೈತೆ, ಬಾಮ್ಮೀ!"