ಫೋಟೋಗೆಂದು ಸುಣ್ಣ ಬಳಿದ ಗೋಡೆ

ಮನೆಗೆ ನಾಲ್ಕು ಜನ ಬರುತ್ತಾರೆಂದರೆ ಗೋಡೆಗೆ ಸುಣ್ಣ ಬಳಿಯಬೇಕು ಎಂಬುದು ಚಿಕ್ಕಂದಿನಲ್ಲೇ ನನ್ನ ತಲೆಯಲ್ಲಿ ಕೂತುಬಿಟ್ಟ ವಿಷಯ. ನಾನು ಶಾಲೆಗೆ ಹೋದದ್ದು ಕಡಿಮೆ. ಹೋದಷ್ಟು ದಿನ ಮೇಷ್ಟರು ಹೇಳಿದ್ದು ನಿಲ್ಲಲಿಲ್ಲ, ಅವ್ವ ಹೇಳಿದ್ದು ನಿಂತಿತು. ಗೋಡೆ ನೋಡಿಯೇ ಆ ಮನೆಯ ಹೆಂಗಸರು ಎಂಥವರೆಂದು ಹೇಳಿಬಿಡುತ್ತಿದ್ದಳು ಅವಳು. ಈಗಲೂ ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಗೋಡೆ, ಆಮೇಲೆ ಅವರು ಕೊಟ್ಟ ಕಾಫಿ. ಗೋಡೆಯ ಮೇಲೆ ಕಲೆ, ಬಿರುಕು, ಪಾಚಿ ಇರಬಾರದು. ಮುಖದ ಮೇಲೆ ಏನಾದರೂ ಇರಲಿ, ಅದಕ್ಕೆ ಸುಣ್ಣ ಬಳಿಯುವ ಹಾಗಿಲ್ಲ. ಇಷ್ಟನ್ನೇ ನಂಬಿಕೊಂಡು ಸಂಸಾರ ಮಾಡಿದವಳಿಗೆ, ಕಲೆ ಬಿರುಕು ಇದ್ದರೇನೇ ಫೋಟೋಗೆ ಕಳೆ ಎಂದರೆ ತಲೆಗೆ ಹತ್ತುವುದು ಹೇಗೆ?

ಹಾಗೆಂದವಳು ನನ್ನ ಮೊಮ್ಮಗಳು ಚೈತ್ರ. ಹಾಸನದ ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ. ಹೇಳಿದ್ದು ಅವಳ ಅವ್ವನಿಗೆ, ಅಂದರೆ ನನ್ನ ಸೊಸೆ ಶೋಭಾಗೆ. ಶೋಭಾ ನಮ್ಮ ತೋಟದ ಕಾಫಿ ಬೀಜವನ್ನು ಮನೆಯಲ್ಲೇ ಹುರಿದು ಪುಡಿ ಮಾಡುತ್ತಾಳೆ. ಇಷ್ಟು ದಿನ ಅದನ್ನು ಕುಡಿದು ಹೊಗಳಿದವರೆಲ್ಲ ನೆಂಟರು. ನೆಂಟರ ಹೊಗಳಿಕೆ ನಂಬುವಷ್ಟು ಪೆದ್ದಿಯಲ್ಲ ಅವಳು. ಈಗ ಮೊದಲ ಸಲ ಗುರುತು ಪರಿಚಯ ಇಲ್ಲದವರು, ಮೈಸೂರಿನ ಒಂದು ಅಂಗಡಿಯವರು, ಪುಡಿ ಹಿಡಿಸಿತು ಎಂದಿದ್ದರು. ಒಳ್ಳೆಯ ಫೋಟೋ ಶನಿವಾರ ಸಂಜೆಯೊಳಗೆ ಕಳಿಸಿದರೆ ಅಂಗಡಿಯಲ್ಲಿ ಇಡುತ್ತೇವೆ, ಇಲ್ಲವಾದರೆ ಆ ಜಾಗ ಬೇರೆಯವರಿಗೆ ಎಂದೂ ಹೇಳಿದ್ದರಂತೆ. ಶೋಭಾ ಹೆಚ್ಚು ಮಾತಿನವಳಲ್ಲ. ಆದರೆ ಆ ವಾರ ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಅವಳ ಮನಸ್ಸು ಎಲ್ಲಿದೆ ಎಂದು ನನ್ನ ನಾಲಿಗೆಗೆ ತಿಳಿಯಿತು.

ಮೊದಲು ಅವಳೇ ತೆಗೆದ ಫೋಟೋವನ್ನು ನಾನೂ ನೋಡಿದ್ದೆ. ಗುಲಾಬಿ ಹೂವಿನ ಪ್ಲಾಸ್ಟಿಕ್ ಹಾಸಿನ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಪುಡಿ. ಹುತ್ತದ ಮಣ್ಣು ತಂದು ಪೂಜೆಗಿಟ್ಟ ಹಾಗಿತ್ತು. ಚೈತ್ರ ಭಾನುವಾರ ಬಂದವಳು ಮನೆಯೆಲ್ಲ ಸುತ್ತಿ, ಕೊನೆಗೆ ಕಾಫಿ ಮೂಟೆ ಇಡುವ ಸ್ಟೋರಿನ ಹಿಂದಿನ ಮಣ್ಣಿನ ಗೋಡೆ ಮುಂದೆ ನಿಂತಳು. ಹಳೇ ಸುಣ್ಣ ಹಕ್ಕಳೆ ಎದ್ದು, ಒಳಗಿನ ಕೆಮ್ಮಣ್ಣು ಕಂಡು, ಬುಡಕ್ಕೆ ಪಾಚಿ ಹಿಡಿದಿತ್ತು. “ಅವ್ವಾ, ಇದ್ರ ಟೆಕ್ಸ್ಚರ್ ನೋಡು” ಎನ್ನುತ್ತಾ, ಎಮ್ಮೆ ಕೊಳ್ಳಲು ಬಂದವರ ಹಾಗೆ ಅದರ ಮೈ ಸವರಿದಳು. ನುಣ್ಣನೆ ಹಾಸಿನ ಮೇಲೆ ಪುಡಿ ಸತ್ತ ಹಾಗೆ ಕಾಣುತ್ತದೆ, ಒರಟು ಗೋಡೆ ಮುಂದಿಟ್ಟರೆ ನೋಡಿದವರಿಗೆ ಕೈಯಲ್ಲಿ ಮುಟ್ಟಿದ ಹಾಗಾಗುತ್ತದೆ ಎಂದಳು. ಶನಿವಾರ ಗೆಳತಿಯ ಕ್ಯಾಮೆರಾ ತರುತ್ತೇನೆಂದು ಹೇಳಿ ಹೋದಳು. ಅಷ್ಟೂ ಮಾತಿನಲ್ಲಿ ನನ್ನ ಕಿವಿಯಲ್ಲಿ ಉಳಿದದ್ದು ಒಂದೇ: ನಮ್ಮ ಪಾಚಿ ಹಿಡಿದ ಗೋಡೆ ಮೈಸೂರಿಗೆ ಹೋಗುತ್ತದೆ.

ಶುಕ್ರವಾರ ಶೋಭಾ ಸಂಘದ ಮೀಟಿಂಗಿಗೆಂದು ಯಸಳೂರಿಗೆ ಹೋದಳು. ನಾನು ಸುಣ್ಣ ಕಲಸಿದೆ. ಬ್ರಷ್ ಸಿಗಲಿಲ್ಲ, ತೆಂಗಿನ ನಾರು ಕಟ್ಟಿಕೊಂಡೆ. ಅದೂ ಬಿಚ್ಚಿಹೋದ ಮೇಲೆ ಹಳೇ ಬಟ್ಟೆ ಅದ್ದಿ ಬಳಿದೆ. ನನ್ನ ಬಲಗೈ ಭುಜದಿಂದ ಮೇಲೇಳುವುದಿಲ್ಲ. ಎತ್ತರದಲ್ಲಿ ಎಡಗೈಯಿಂದ ಬಳಿದೆ ಅನ್ನುವುದಕ್ಕಿಂತ ಎರಚಿದೆ ಅನ್ನಬೇಕು. ಬೆಳ್ಳಗೆ ಕಾಣಲೆಂದು ಹಾಕಿದ ನೀಲಿ ಸರಿಯಾಗಿ ಕರಗದೆ ಅಲ್ಲಲ್ಲಿ ಗೆರೆ ಎಳೆಯಿತು. ಎಳೆಯಲಿ, ಪಾಚಿಯಂತೂ ಮುಚ್ಚಿತು. ಶೋಭಾ ಬರುವಾಗ ಕತ್ತಲಾಗಿತ್ತು. ಬೆಳಿಗ್ಗೆ ನೋಡಿ ಖುಷಿಪಡಲಿ ಎಂದು ನಾನೂ ಬಾಯಿ ಬಿಡಲಿಲ್ಲ.

ಶನಿವಾರ ಮೊದಲ ಬಸ್ಸಿಗೇ ಬಂದ ಚೈತ್ರ ಅವ್ವನನ್ನು ಕರೆದುಕೊಂಡು ನೇರ ಹಿಂದಕ್ಕೆ ಹೋದಳು. ಹೊಗಳಿಸಿಕೊಳ್ಳೋಣವೆಂದು ನಾನೂ ಹೋದೆ.

“ಅಜ್ಜೀ, ಏನ್ ಮಾಡ್ಬುಟ್ಟೆ?”

“ಸುಣ್ಣ ಬಳ್ದೆ. ಪಾಚಿ ಗೋಡೆನ ಊರೋರಿಗೆಲ್ಲ ತೋರ್ಸಕ್ಕಾಯ್ತದಾ?”

ಚೈತ್ರ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ಆಗಲೇ ನನಗೆ ಏನಾಯಿತೆಂದು ಹೊಳೆದದ್ದು. ಶೋಭಾ ಗೋಡೆ ನೋಡಿದಳು, ನನ್ನ ಕೈ ನೋಡಿದಳು. ಸುಣ್ಣ ತಿಂದು ಬೆರಳೆಲ್ಲ ಕೆಂಪಾಗಿದ್ದವು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಮುದುಕಿಗೆ ಚೆನ್ನಾಗಿ ಮಂಗಳಾರತಿ ಎತ್ತುತ್ತಿದ್ದೆ. ಅವಳು ಮಗಳಿಗೆ ಹೇಳಿದ್ದಿಷ್ಟೇ: “ಬೈಬೇಡ ಕಣೆ. ನನ್ ಕಾಫಿ ಚೆನ್ನಾಗ್ ಕಾಣ್ಲಿ ಅಂತ ಅತ್ತೆ ಕೈ ಸುಟ್ಕೊಂಡವ್ರೆ.” ಹೇಳಿ, ಒಳಗಿಂದ ಕೊಬ್ಬರಿ ಎಣ್ಣೆ ತಂದು ನನ್ನ ಬೆರಳಿಗೆ ಹಚ್ಚಿದಳು. ನಾನು ಅಳುವ ಪೈಕಿಯಲ್ಲ. ಸುಣ್ಣದ ಘಾಟು ಕಣ್ಣಿಗೆ ಹೊಡೆದಿತ್ತು.

ಆಮೇಲೆ ಗೋಡೆಯ ಬದಲಿಗೆ ಆದೀತೆಂದು ಮನೆಯ ಒರಟು ಸಾಮಾನೆಲ್ಲ ಹೊರಗೆ ಬಂತು. ಕಂಬಳಿ ಮೇಲಿಟ್ಟರೆ ಕರಿಯಲ್ಲಿ ಕರಿ ಸೇರಿ ಪುಡಿಯೇ ಕಾಣಲಿಲ್ಲ. ಗೋಣಿ ಚೀಲದ ಮೇಲಿದ್ದ ಗೊಬ್ಬರದ ಹೆಸರು ಕಾಫಿಯ ಹೆಸರಿನ ಹಾಗೆ ಓದಿಸಿಕೊಂಡಿತು. ಹಲಸಿನ ಹಣ್ಣನ್ನು ಒರಗಿಸಿದರೆ ಎಲ್ಲರ ಕಣ್ಣೂ ಹಣ್ಣಿನ ಮೇಲೇ. ಊಟದ ಹೊತ್ತು ಮೀರಿದರೂ ಯಾರಿಗೂ ಹಸಿವಿಲ್ಲ. ನಾನು ಗೋಡೆ ಕಡೆ ಬೆನ್ನು ಹಾಕಿ ಕೂತಿದ್ದೆ.

ಬಿಸಿಲು ಇಳಿದು ಗೋಡೆಗೆ ಓರೆಯಾಗಿ ಬಿತ್ತು. ಇದ್ದಕ್ಕಿದ್ದಂತೆ ಚೈತ್ರ ಕ್ಯಾಮೆರಾ ಎತ್ತಿಕೊಂಡು ಗೋಡೆ ಕಡೆ ಓಡಿದಳು. ತಿರುಗಿ ನೋಡಿದರೆ ನನ್ನ ಮರ್ಯಾದೆಯೆಲ್ಲ ಗೋಡೆಯ ಮೇಲೆ ಎದ್ದು ನಿಂತಿದೆ: ನಾರು ಗೀರಿದ ಗೆರೆ, ಬಟ್ಟೆಯ ಮಡಿಕೆ, ಬೆರಳು ಜಾರಿದ ಗುರುತು, ಎಡಗೈ ಎರಚಿದ ಗುಳ್ಳೆ, ನೀಲಿಯ ಎಳೆ, ಒಂದೊಂದಕ್ಕೂ ಅದರದ್ದೇ ನೆರಳು. ಅದರ ಮುಂದೆ ಹಿತ್ತಾಳೆ ಲೋಟ, ಪಕ್ಕದಲ್ಲಿ ಮರದ ಚಮಚದ ತುಂಬ ಪುಡಿ ಇಟ್ಟರು. ಚೈತ್ರ ನನಗೂ ತೋರಿಸಿದಳು. ಪುಡಿಯ ಒಂದೊಂದು ಕಣವೂ ಎಣಿಸುವ ಹಾಗಿತ್ತು. ಫೋಟೋದಿಂದ ವಾಸನೆ ಬರುವುದಿಲ್ಲ ಎಂದು ಗೊತ್ತಿದ್ದೂ ಮೂಗು ಹತ್ತಿರ ಒಯ್ದೆ. ಸಂಜೆಯೊಳಗೆ ಫೋಟೋ ಹೋಯಿತು. ಸೋಮವಾರ ಶೋಭಾ ಸಾರಿಗೆ ಉಪ್ಪನ್ನೇ ಹಾಕಲಿಲ್ಲ. ಅಂಗಡಿಯವರು ಒಪ್ಪಿದ್ದಾರೆಂದು ಅವಳು ಹೇಳುವ ಮೊದಲೇ ನನಗೆ ಗೊತ್ತಾಯಿತು. ಸಪ್ಪೆ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡೆ. ಥ್ಯಾಂಕ್ಸ್ ಅನ್ನುವುದು ನನ್ನ ಬಾಯಿಗೆ ಒಗ್ಗುವುದಿಲ್ಲ, ಅವಳಿಗೆ ಅರ್ಥವಾಗಿರಬೇಕು.

ಈಗ ಆ ಗೋಡೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ಪಕ್ಕದ ಮನೆಯ ನಂಜಮ್ಮ ಬಂದು, “ಸುಣ್ಣ ಬಳ್ದೋನು ಕುಡ್ದಿದ್ನೇನಕ್ಕಾ?” ಎಂದು ಕೇಳಿದಳು. ಅದು ಟೆಕ್ಸ್ಚರ್ ಕಣೆ, ನಿಂಗೆ ತಿಳಿಯಲ್ಲ ಎಂದೆ. ಮೊನ್ನೆ ಶೋಭಾ, ಕಾಳುಮೆಣಸಿನ ಫೋಟೋಗೆ ಕೊಟ್ಟಿಗೆ ಗೋಡೆಗೂ ಹಾಗೇ ಬಳಿದುಕೊಡಿ ಎಂದಳು. ಸೊಸೆ ಬಾಯಿಬಿಟ್ಟು ಕೇಳಿದ ಕೆಲಸ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಜೀವವಿಟ್ಟು, ಎಷ್ಟಾಗುತ್ತದೋ ಅಷ್ಟು ಕೆಟ್ಟದಾಗಿ ಬಳಿಯಲು ಕೂತೆ. ಏನು ಹೇಳಲಿ, ಹಾಳಾದ್ದು ಬೆಣ್ಣೆ ಹಾಗೆ ನುಣ್ಣಗೆ ಬಂದುಬಿಟ್ಟಿದೆ.