ಬರಿಗೈಗೆ ಬರಬೇಕು

ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ಮಕ್ಕಳನ್ನು ಅಳಿಸಿದವರು ಯಾರೋ ಗಣಿತದ ಮೇಷ್ಟ್ರಿರಬೇಕು ಎಂದು ನೀವು ಅಂದುಕೊಂಡಿದ್ದರೆ ಅದು ತಪ್ಪು. ಆ ಬಿರುದು ನಮ್ಮ ಸೋದರಮಾವನಿಗೇ ಸಲ್ಲಬೇಕು! ಮಾಗಡಿಯಿಂದ ಕನಕಪುರದವರೆಗೆ ಯಾವ ಊರಿಗೆ ಬೇಕಾದರೂ ಹೋಗಿ, ಈಗಷ್ಟೇ ಮೀಸೆ ಮೂಡಿದ ಹುಡುಗರನ್ನು ನಿಲ್ಲಿಸಿ ಕೇಳಿ. 'ಅಯ್ಯೋ, ಆ ಕರು ತಾತನಾ? ನನ್ನೂ ಮೈದಾನದಿಂದ ಆಚೆಗೆ ಕಳುಸಿದ್ರು ಕಣಕ್ಕ' ಎನ್ನುವವನು ಒಬ್ಬನಾದರೂ ಸಿಗುತ್ತಾನೆ. ಈಗ ನಗುತ್ತಾ ಹೇಳುತ್ತಾನೆ, ಸರಿ. ಆ ದಿನ ಹೋ ಎಂದು ಅತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇಂಥ ಮಾವನಿಗೆ ಈಗ ಮರೆವು. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವ ನಮ್ಮ ನಿಮ್ಮ ಮರೆವಲ್ಲ, ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು 'ಇದೇನಿದು?' ಎನ್ನುವ ಮರೆವು. ತೊಟ್ಟಿಲಿನಿಂದ ಎತ್ತಿ ಆಡಿಸಿದ ನನ್ನನ್ನೇ 'ನೀವು ಯಾವ ಡೈರಿಯೋರು?' ಎಂದು ವಿಚಾರಿಸುತ್ತಾರೆ. ಹೋಗಲಿ, ಕಟ್ಟಿಕೊಂಡ ಹೆಂಡತಿಯ ಗುರುತಾದರೂ ಇದೆಯೇ? ಮನೆಯವರೆಲ್ಲರ ಹೊಟ್ಟೆಯೊಳಗೆ ಕುಳಿತಿದ್ದ ಪ್ರಶ್ನೆ ಅದೊಂದೇ. ಅದನ್ನು ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ನಮ್ಮ ಅತ್ತೆಗಂತೂ ಇರಲೇ ಇಲ್ಲ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೇಗೆಂದು ಹೇಳಬೇಕಾದರೆ ಮೊದಲು ಮಾವನ ಕಾನೂನುಗಳನ್ನು ಹೇಳಬೇಕು.

ಮಾವ ದನದ ಡಾಕ್ಟರೂ ಅಲ್ಲ, ಡೈರಿಯ ಡೈರೆಕ್ಟರೂ ಅಲ್ಲ. ಹಿಪ್ಪುನೇರಳೆ ಬೆಳೆದು, ರೇಷ್ಮೆ ಹುಳ ಸಾಕಿ, ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹಾಕಿ ಸಂಸಾರ ಮಾಡಿದವರು. ಅವರ ಊರಿನ ಡೈರಿಯವರು ಸಂಕ್ರಾಂತಿ ಕಳೆದ ಮೇಲೆ ಸ್ಕೂಲಿನ ಮೈದಾನದಲ್ಲಿ ಮಕ್ಕಳಿಗಾಗಿ ಕರು ಪ್ರದರ್ಶನ ಇಡುತ್ತಾರೆ. ತಾನೇ ಸಾಕಿದ ಕರುವನ್ನು ಹಿಡಿದುಕೊಂಡು ಬಂದ ಮಗುವಿಗೆ ಬಹುಮಾನ. ಒಂದು ವರ್ಷ ಯಾರೋ 'ಯಜಮಾನ್ರೇ, ಒಸಿ ಹುಡುಗ್ರನ್ನ ಸಾಲಾಗಿ ನಿಲ್ಲುಸ್ಕಳಿ' ಅಂದಿದ್ದೇ ತಪ್ಪಾಯಿತು. ಮಾವ ಆ ಮೈದಾನವನ್ನು ಮತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ! ರಾಮನಗರದ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆಂಬ ಒಂದೇ ತಪ್ಪಿಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಬರ್ಕೋ' ಎನ್ನುತ್ತಿದ್ದರು. ಅವರು ಹೇಳುವುದು, ನಾನು ಬರೆದುಕೊಳ್ಳುವುದು.

ಮೊದಲ ಕಾನೂನು, ಕರುವಿಗೆ ಬಣ್ಣ ಬಳಿಯಕೂಡದು. ಮಾವ ಒದ್ದೆ ಮಾಡಿದ ಬಿಳಿ ಟವೆಲ್ಲಿನಿಂದ ಪ್ರತಿಯೊಂದು ಕರುವಿನ ಮೈಯನ್ನೂ ಉಜ್ಜಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಮ್ಮೆ ಟವೆಲ್ಲು ಇದ್ದಿಲಿನ ಹಾಗಾಯಿತು. ಕರು ಮಿಂಚಲಿ ಎಂದು ಹುಡುಗನ ಅಪ್ಪ ತಲೆಗೆ ಹಚ್ಚುವ ಕಪ್ಪು ಬಣ್ಣ ಬಳಿದುಬಿಟ್ಟಿದ್ದ. ಡೈರಿಯ ಅಧ್ಯಕ್ಷರೇ ಸಂಧಾನಕ್ಕೆ ಬಂದರು. 'ಒಸಿ ಕಪ್ಪು ತಾನೆ ಯಜಮಾನ್ರೇ, ಬುಡಿ ಅತ್ಲಾಗೆ.' ಮಾವ ಅಧ್ಯಕ್ಷರ ತಲೆಯನ್ನೇ ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಟವೆಲ್ಲನ್ನು ನಿಧಾನಕ್ಕೆ ಬಕೆಟ್ಟಿನಲ್ಲಿ ಅದ್ದಿ ಹಿಂಡಿದರು. ಅಧ್ಯಕ್ಷರು ತಲೆಯ ಮೇಲೆ ಕೈಯಿಟ್ಟುಕೊಂಡು ವೇದಿಕೆಯ ಕಡೆ ಹೊರಟೇಹೋದರು.

ಎರಡನೆಯದು ಹೊಟ್ಟೆಯ ಕಾನೂನು. ಬೆಳಗ್ಗೆ ಉಪ್ಪು ನೆಕ್ಕಿಸಿ, ಬಕೆಟ್ಟುಗಟ್ಟಲೆ ನೀರು ಕುಡಿಸಿ, ಬಡಕಲು ಕರುವನ್ನು ದುಂಡಗೆ ಮಾಡಿ ತರುವವರು ಇರುತ್ತಾರಲ್ಲ, ಅವರಿಗೆ ಮಾವ ಕಂಡುಕೊಂಡ ಮದ್ದು ಕಾಯುವುದು. ಅಷ್ಟೂ ಕರುಗಳು ಗಂಜಲ ಹುಯ್ಯುವವರೆಗೆ ತೀರ್ಪು ಶುರುವಾಗುವಂತಿಲ್ಲ! ಮುಖ್ಯ ಅತಿಥಿಗಳು ಹಾರ ಹಾಕಿಸಿಕೊಂಡು ಬಿಸಿಲಲ್ಲಿ ಬೇಯುತ್ತಿದ್ದರು. ಕೊನೆಗೆ ಪಾಪ, ಅವರಿಗೇ ತಡೆಯಲಾಗದೆ 'ಯಜಮಾನ್ರೇ, ನಾನೂ ಒಂಚೂರು ಹೋಗ್ಬರ್ಲಾ?' ಎಂದು ಮೆಲ್ಲಗೆ ಕೇಳಿದರು. 'ಹೋಗ್ಬನ್ನಿ ಸಾರ್, ನೀವೇನು ಕಾಂಪಿಟೇಸನ್‌ನಲ್ಲಿ ಇಲ್ವಲ್ಲ' ಅಂದರು ಮಾವ, ಮೈಕಿನಲ್ಲಿ!

ಇನ್ನು ಅಪ್ಪಂದಿರ ಕಾನೂನು. ಕರು ಹಿಡಿದ ಮಗುವಿಗೆ ಹೊರಗಿನಿಂದ 'ಕತ್ತು ಎತ್ಲಾ, ಕಾಲು ಸರಿಯಾಗಿ ನಿಲ್ಸ್ಲಾ' ಎಂದು ಯಾರೂ ಹೇಳಿಕೊಡಕೂಡದು. ಅದಕ್ಕೆ ಅಪ್ಪಂದಿರೆಲ್ಲ ಮೈದಾನಕ್ಕೆ ಬೆನ್ನು ಹಾಕಿ ಕೂರಬೇಕು. ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬ ಅಪ್ಪ ಬುದ್ಧಿವಂತ. ಬೆನ್ನು ಹಾಕಿಯೇ ಕುಳಿತ, ಮೊಬೈಲಿನಲ್ಲಿ ಸೆಲ್ಫಿ ಕ್ಯಾಮೆರಾ ತೆರೆದುಕೊಂಡು ಅದರಲ್ಲಿ ಮಗನನ್ನು ನೋಡುತ್ತಾ ಕೈಸನ್ನೆ ಮಾಡತೊಡಗಿದ. ಸ್ವಲ್ಪ ಹೊತ್ತಿಗೆ ಅದೇ ಮೊಬೈಲಿನಲ್ಲಿ, ಅವನ ಹೆಗಲ ಹಿಂದೆ ಮಾವನ ಮುಖ ಕಾಣಿಸಿಕೊಂಡಿತು. 'ಚೆನ್ನಾಗ್ ಬತ್ತೈತೆ ಕಣ್ಲಾ ಪೋಟೊ. ಒಂದು ಹೊಡಿ, ಆಮ್ಯಾಕೆ ಮಗನ್ನ ಕರ್ಕೊಂಡು ಮನೆಗೆ ಹೋಗು.'

ಇವೆಲ್ಲಕ್ಕೂ ಕಲಶವಿಟ್ಟಂಥದ್ದು ಹಗ್ಗ ಬಿಡುವ ಪರೀಕ್ಷೆ. ಕರುವಿನ ಹಗ್ಗವನ್ನು ಮೈದಾನದ ನಡುವೆ ಬಿಚ್ಚಿಬಿಡುವುದು. ಮಗು ದೂರದಲ್ಲಿ ನಿಂತಿರಬೇಕು, ಕೂಗಬಾರದು, ಕೈಯೊಡ್ಡಬೇಕು ಅಷ್ಟೆ. ನಿಜವಾಗಿ ಸಾಕಿದವರಾದರೆ ಕರು ತಾನಾಗಿ ಬರುತ್ತದೆ. ಅದಕ್ಕೆ ಮೊದಲು ಮಾವ ಮಗುವಿನ ಎರಡೂ ಅಂಗೈ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ಮೂಗಿಗೆ ಹಿಡಿದು ಮೂಸುತ್ತಿದ್ದರು. ಬೆಲ್ಲ ಸವರಿಕೊಂಡಿದ್ದರೆ ಅಲ್ಲಿಗೆ ಮುಗಿಯಿತು.

'ಬೆಲ್ಲ ತೋರುಸುದ್ರೆ ಕಟುಕನ ಹಿಂದೆನೂ ಬತ್ತದೆ ಕಣ್ಲಾ. ಬರಿಗೈಗೆ ಬರ್ಬೇಕು. ಬರಿಗೈಗೆ ಬಂದ್ರೆ ಅದು ನಿಂದು.'

ವಶಪಡಿಸಿಕೊಂಡ ಬೆಲ್ಲವೆಲ್ಲ ಅಂಗಿಯ ಜೇಬಿಗೆ. ಪ್ರದರ್ಶನ ಮುಗಿದ ಮೇಲೆ, ಮೂಲೆಯಲ್ಲಿ ಅಳುತ್ತಾ ಕುಳಿತ ಮಕ್ಕಳಿಗೂ ಅವರ ಕರುಗಳಿಗೂ ಅದನ್ನೇ ಮುರಿದು ಹಂಚುತ್ತಿದ್ದರು. ಮನೆಗೆ ಬರುವ ಹೊತ್ತಿಗೆ ಅಂಗಿಯ ತುಂಬ ಇರುವೆ. ಅತ್ತೆ ಆ ಅಂಗಿಯನ್ನು ಕಲ್ಲಿಗೆ ಬಡಿದು ಒಗೆಯುವ ರಭಸ ನೋಡಿದರೆ ಕಲ್ಲೇ ಪಾಪ ಅನ್ನಿಸುತ್ತಿತ್ತು.

ಒಂದು ವರ್ಷ ಮಾವನ ಮೊಮ್ಮಗಳು ಲಿಖಿತಳೇ ಸ್ಪರ್ಧೆಗೆ ಬಂದಳು. ಕರುವಿಗೆ ರಿಬ್ಬನ್ ಏನು, ಗೆಜ್ಜೆಯೇನು! ನಮಗೆಲ್ಲ ಒಳಗೊಳಗೇ ನಗು, ಈಗೇನು ಮಾಡುತ್ತಾರೋ ಯಜಮಾನರು ಎಂದು. ಅವಳ ಅಂಗೈಯನ್ನು ಉಳಿದವರದ್ದಕ್ಕಿಂತ ಹೆಚ್ಚು ಹೊತ್ತು ಮೂಸಿ, ಹಗ್ಗ ಬಿಟ್ಟರು. ಕರು ಲಿಖಿತಳ ಮುಂದೆಯೇ ಹಾದು, ವೇದಿಕೆ ದಾಟಿ, ಶಾಮಿಯಾನದ ಹಿಂದೆ ಮಜ್ಜಿಗೆ ಹಂಚುತ್ತಿದ್ದ ಅತ್ತೆಯ ಸೆರಗಿಗೆ ಮೂತಿ ಒತ್ತಿ ನಿಂತಿತು. ಹುಡುಗಿಗೆ ಸ್ಕೂಲು, ಟ್ಯೂಷನ್ನು. ಹುಲ್ಲು ನೀರು ನೋಡಿಕೊಂಡವರು ಅತ್ತೆಯಲ್ಲವೇ?

ಮಾವ ನೆಟ್ಟಗೆ ಅಲ್ಲಿಗೆ ಹೋದರು. ಅತ್ತೆಯ ಕೈ ಹಿಡಿದು, ಮೂಸಿ, ಇಡೀ ಊರಿಗೆ ಕೇಳುವ ಹಾಗೆ ಹೇಳಿದರು. 'ಈವಮ್ಮನೇ ಸಾಕಿರೋದು. ಬರ್ಕೋ. ಹುಡುಗಿ ಆಚೆಗೆ.'

ಅತ್ತೆಗೆ ಬಂದ ಸಿಟ್ಟು ನೋಡಬೇಕಿತ್ತು. 'ಈವಮ್ಮ ಅಂತೆ, ಈವಮ್ಮ! ತಾಳಿ ಕಟ್ಟಿದ ಹೆಂಡ್ತಿನ ಊರ ಮುಂದೆ ಯಾರೋ ದಾರೀಲಿ ಹೋಗೋಳ ತರ ಈವಮ್ಮ ಅಂತೀರಲ್ಲ, ನಿಮಗೆ ಒಸಿನಾರ ನಾಚಿಕೆ ಐತಾ?'

'ಮೈದಾನದಲ್ಲಿ ನಂಗೆ ಹೆಂಡ್ತಿನೂ ಇಲ್ಲ, ಮೊಮ್ಮಗಳೂ ಇಲ್ಲ' ಅಂದರು ಮಾವ.

ಆ ಮಾತಿಗೆ ಎಲ್ಲರೂ ನಕ್ಕಿದ್ದೆವು, ನಾನೂ ನಕ್ಕಿದ್ದೆ. ಅತ್ತೆ ಮಾತ್ರ ಆ ವಾರವೆಲ್ಲ ಮಾವನಿಗೆ ಮುದ್ದೆಯನ್ನು ತಟ್ಟೆಗೆ ಎತ್ತಿ ಹಾಕಿ, ಮಾತಾಡದೆ ಒಳಗೆ ಹೋಗುತ್ತಿದ್ದರಂತೆ.

ಮರೆವು ಶುರುವಾಗಿದ್ದು ಯಾವಾಗ ಎಂದು ನಮಗೆ ಗೊತ್ತೇ ಆಗಲಿಲ್ಲ. ಗೊತ್ತಾಗುವುದು ಹೇಗೆ? ಮುಂದೊಂದು ವರ್ಷದ ಪ್ರದರ್ಶನದಲ್ಲಿ ಒಂದೇ ಹುಡುಗನ ಅಂಗೈಯನ್ನು ಮತ್ತೆ ಮತ್ತೆ ಮೂಸಿದರು, ಒರೆಸಿದ ಕರುವನ್ನೇ ಮತ್ತೆ ಒರೆಸಿದರು. 'ಯಜಮಾನ್ರು ಈ ವರ್ಷ ಭಾಳ ಸ್ಟ್ರಿಕ್ಟು' ಎಂದು ಜನ ಚಪ್ಪಾಳೆ ಹೊಡೆದರು.

ಆಮೇಲೊಂದು ಮಧ್ಯಾಹ್ನ ಬ್ಯಾಂಕಿನಲ್ಲಿದ್ದಾಗ ರಾಮನಗರದ ಗೂಡಿನ ಮಾರ್ಕೆಟ್ಟಿನಿಂದ ಫೋನ್ ಬಂತು. ಮಾಡಿದವರು ಮಾವನ ಗೂಡು ಕೊಂಡು ರೇಷ್ಮೆ ಬಿಚ್ಚುತ್ತಿದ್ದ ಹಳೆಯ ರೀಲರು, ಬಾಷಾ ಸಾಬರು. ಓಡಿಹೋದೆ. ಮಾವ ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತು ಒಳಹೋಗುವ ಒಬ್ಬೊಬ್ಬರಿಗೂ 'ಕೈ ತೋರ್ಸು' ಎನ್ನುತ್ತಿದ್ದರು. ಜನ ನಗುತ್ತಿದ್ದರು. ಬಾಷಾ ಸಾಬರು ನಗಲಿಲ್ಲ. ಬಿಸಿನೀರಿನಲ್ಲಿ ನೂಲು ತೆಗೆದು ತೆಗೆದು ಸುಕ್ಕುಗಟ್ಟಿದ ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದರು. ಮಾವ ಮೂಸಿ ನೋಡಿ, 'ಬೆಲ್ಲ ಇಲ್ಲ. ನೀನು ಹೋಗಪ್ಪ' ಅಂದರು. ಬಾಷಾ ಸಾಬರು ನನ್ನ ಕಡೆ ತಿರುಗಿ, 'ಪಾಸ್ ಮಾಡಿದ್ರಮ್ಮ ನನ್ನ' ಎಂದು ಕಣ್ಣೊರೆಸಿಕೊಂಡರು. ಮಾವನಿಗೆ ಟೀ ಕುಡಿಸಿ, ಆಟೋ ಹತ್ತಿಸುವವರೆಗೆ ಕೈ ಬಿಡಲಿಲ್ಲ.

ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಇದು ಇಳಿಯುವ ಕಾಯಿಲೆ ಅಲ್ಲ, ಏರುವಂಥದ್ದು ಅಂದರು. ಅಲ್ಲಿಂದ ಶುರುವಾಯಿತು ನೋಡಿ ನೆಂಟರ ದಂಡಯಾತ್ರೆ! ಬಂದವರೆಲ್ಲರಿಗೂ ಒಂದೇ ಚಟ. ಮಾವನ ಮುಂದೆ ಕುಕ್ಕರಗಾಲಲ್ಲಿ ಕೂತು 'ನಾನ್ಯಾರು ಹೇಳಿ ನೋಡನ?' ಎನ್ನುವುದು. ಕಾಯಿಲೆಯವರಿಗೆ ಹಣ್ಣು ತಂದು ಕೊಡುವವರನ್ನು ನೋಡಿದ್ದೇನೆ, ಹೀಗೆ ಪರೀಕ್ಷೆ ಇಡುವುದು ಯಾವ ಸೀಮೆಯ ಪದ್ಧತಿ? ಮಾವ ಕಣ್ಣು ಕಿರಿದು ಮಾಡಿ, ತಡಕಾಡಿ ಬೆವರುತ್ತಿದ್ದರು. ಒಮ್ಮೆ ಮಾತ್ರ ಅಳಿಯನೊಬ್ಬನಿಗೆ 'ಗೊತ್ತು ಬುಡು, ಬಣ್ಣ ಬಳ್ದೋನು' ಅಂದರು. ಹೇರ್ ಡೈ ಹಾಕುವ ಆ ಅಳಿಯ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಅತ್ತೆಯೊಬ್ಬರು ಮಾತ್ರ ಕೇಳಲಿಲ್ಲ. ಸ್ನಾನ ಮಾಡಿಸುತ್ತಾರೆ, ಅಂಗಿಯ ಗುಂಡಿ ಹಾಕುತ್ತಾರೆ, ಮುದ್ದೆಯನ್ನು ಚೂರು ಚೂರು ಮಾಡಿ ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಾರೆ. ಒಂದು ದಿನ ಕೊಟ್ಟಿಗೆಯಲ್ಲಿ ಇಬ್ಬರೇ ಇದ್ದಾಗ ನಾನೇ ಬಾಯಿಬಿಟ್ಟೆ. 'ಅತ್ತೆ, ನಿಮ್ಮನ್ನ ಗುರ್ತು ಹಿಡೀತಾರಾ?'

ಅತ್ತೆ ಹುಲ್ಲು ಹಾಕುತ್ತಿದ್ದವರು ನಿಲ್ಲಿಸಲಿಲ್ಲ. 'ಕೇಳಕ್ಕೆ ಭಯ ಕಣವ್ವ. ಇಲ್ಲ ಅಂದ್ಬುಟ್ರೆ ಆಮೇಲೆ ಹೆಂಗೆ ಉಣ್ಸದು ನಾನು?'

ಮೊನ್ನೆ ಪಿತೃಪಕ್ಷಕ್ಕೆ ಎಲ್ಲರೂ ಸೇರಿದ್ದೆವು. ಎಡೆ ಇಟ್ಟು ಊಟ ಮುಗಿದಿತ್ತು. ಮಾವನನ್ನು ಅಂಗಳದ ಕುರ್ಚಿಯಲ್ಲಿ ಕೂರಿಸಿದ್ದೇ ತಡ, ಮತ್ತೆ ಶುರು, 'ನಾನ್ಯಾರು? ಇವರ್ಯಾರು?' ನಮ್ಮ ಅಮ್ಮನೂ 'ಅಣ್ಣ, ನಾನು ಕಣಣ್ಣ, ನಿನ್ನ ತಂಗಿ' ಎಂದು ಅಳತೊಡಗಿದರು. ಆಗ ಲಿಖಿತ ಎದ್ದಳು. ಈಗವಳು ಪಿಯುಸಿ ಹುಡುಗಿ, ಥೇಟ್ ತಾತನದೇ ಗಂಟಲು.

'ಸಾಕು! ಯಾರೂ ತಾತನ್ನ ಏನೂ ಕೇಳ್ಬೇಡಿ. ತಾತನ ರೂಲ್ಸ್ ಪ್ರಕಾರ ಆಗ್ಲಿ. ಎಲ್ರೂ ದೂರ ಹೋಗಿ ನಿಂತ್ಕೊಳಿ, ಮಾತಾಡ್ಬಾರ್ದು. ಕೈ ತೋರ್ಸಿ!'

ಯಾಕೋ ಯಾರೂ ಎದುರಾಡಲಿಲ್ಲ. ನಾವೆಲ್ಲ ದೊಡ್ಡವರು ಸ್ಕೂಲು ಮಕ್ಕಳ ಹಾಗೆ ಅಂಗಳದ ಸುತ್ತ ಕೈಯೊಡ್ಡಿ ನಿಂತೆವು. ನಮ್ಮ ಚಿಕ್ಕಪ್ಪನ ಮುಷ್ಟಿಯಲ್ಲಿ ಅರ್ಧ ಕಜ್ಜಾಯ ಸಿಕ್ಕಿಬಿತ್ತು, ಅವರನ್ನು ಹುಡುಗಿ ಮುಲಾಜಿಲ್ಲದೆ ಹೊರಗೆ ಹಾಕಿದಳು. ಅತ್ತೆ ಮಾತ್ರ ಬರಲಿಲ್ಲ. ಕರೆದರೆ, 'ನಂಗೆ ಸಗಣಿ ಬಾಚೋ ಕೆಲಸ ಐತೆ' ಎಂದು ಕೊಟ್ಟಿಗೆಯ ಬಾಗಿಲಲ್ಲೇ ಮುಖ ತಿರುಗಿಸಿಕೊಂಡು ನಿಂತರು.

ಮಾವನ ಮಗ ತಂದೆಯನ್ನು ಎಬ್ಬಿಸಿ ನಿಲ್ಲಿಸಿ, ಹಿಡಿದಿದ್ದ ತೋಳನ್ನು ಬಿಟ್ಟ.

ಮಾವ ಕಾಲೆಳೆದುಕೊಂಡು ಹೊರಟರು. ಮಗನನ್ನು ದಾಟಿದರು. ಅಳುತ್ತಿದ್ದ ತಂಗಿಯನ್ನು ದಾಟಿದರು. ನನ್ನ ಮುಂದೆ ಬಂದಾಗ ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿದೆ. ನನ್ನನ್ನೂ ದಾಟಿದರು. ಕೊಟ್ಟಿಗೆಯ ಬಾಗಿಲಿಗೆ ಹೋಗಿ ಅತ್ತೆಯ ಪಕ್ಕದಲ್ಲಿ, ಅವರ ಸೆರಗಿಗೆ ಒತ್ತಿಕೊಂಡ ಹಾಗೆ ನಿಂತುಬಿಟ್ಟರು.

ಅತ್ತೆ ಬೆಚ್ಚಿ ತಿರುಗಿದರು. ಎರಡೂ ಕೈಗಳನ್ನು ಸೀರೆಗೆ ಒರೆಸಿ, ಮೆಲ್ಲಗೆ ಮಾವನ ಮುಂದೆ ಹಿಡಿದರು. ಮಾವ ಆ ಕೈಗಳನ್ನು ತಿರುಗಿಸಿ ನೋಡಿದರು. ಮೂಗಿಗೆ ಹಿಡಿದು ಒಂದನ್ನು ಮೂಸಿದರು, ಇನ್ನೊಂದನ್ನು ಮೂಸಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಅಂಗಳದಲ್ಲಿ ನಿಂತಿದ್ದ ನಮಗೆಲ್ಲ ಕೇಳುವ ಹಾಗೆ, ಆ ಹಳೆಯ ಮೈದಾನದ ದನಿಯಲ್ಲಿ ಹೇಳಿದರು.

'ಬರಿಗೈ. ಈವಮ್ಮನೇ ಸಾಕಿರೋದು. ಬರ್ಕೊಳಿ.'

ಈ ಸಲ ಅತ್ತೆ ಜಗಳ ಆಡಲಿಲ್ಲ. ಮಾವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಅಳುತ್ತಾ ನನ್ನ ಕಡೆ ತಿರುಗಿದರು.

'ಹೇಳ್ತಾವ್ರಲ್ಲವ್ವ, ಬರ್ಕೋ' ಅಂದರು.